ಧರ್ಮದ ಕಾಲಂ ಮುಂದೆ ಪೆನ್ನು ಹಿಡಿದು ಕೂತ ತಮ್ಮನಿಗೆ

ತಮ್ಮಾ,

ದಾವಣಗೆರೆಯಿಂದ ಇಂಗ್ಲೆಂಡಿನ ಲೆಸ್ಟರಿಗೆ ಬಂದು ಹದಿನೈದು ದಿನವಾಯಿತು, ಡಾಕ್ಟರರ ಬಳಿ ಹೆಸರು ನೋಂದಾಯಿಸುವ ಫಾರ್ಮಿನಲ್ಲಿ ಧರ್ಮದ ಕಾಲಂ ಒಂದು ಖಾಲಿ ಉಳಿದಿದೆ ಎಂದು ಬರೆದಿದ್ದೀಯ. ಹಿಂದೂ ಎಂದರೆ ಊರಿನಲ್ಲಿ ಅಣ್ಣನಿಗೆ ಸಿಟ್ಟು, ಲಿಂಗಾಯತ ಎಂದರೆ ಇಲ್ಲಿಯವರಿಗೆ ತಿಳಿಯದು, ಏನು ಬರೆಯಲಿ ಎಂದು ಕೇಳಿದ್ದೀಯ. ಜೊತೆಗೆ ಜೋಳದ ಹಿಟ್ಟು, ಚಳಿ, ಬಾಡಿಗೆಯ ವಿಚಾರ. ಹಿಟ್ಟು ಗುಜರಾತಿ ಅಂಗಡಿಗಳಲ್ಲಿ ಸಿಗುತ್ತದೆ. ಮೊದಲು ಒಳ್ಳೆಯ ಬೂಟು ಕೊಂಡುಕೋ, ಕೋಟು ಆಮೇಲೆ. ರಸೀದಿಯಿಲ್ಲದೆ ಮುಂಗಡ ಕೊಡಬೇಡ.

ನಾನು ಭರಮಸಾಗರದಿಂದ ಬಂದದ್ದು 2004ರಲ್ಲಿ. ಮೊದಲ ಫಾರ್ಮಿನಲ್ಲಿ ಯೋಚಿಸದೆ ಹಿಂದೂ ಎಂದು ಬರೆದೆ. ಆಗ ಲಿಂಗಾಯತ ಬೇರೆ ಧರ್ಮವೇ ಎಂಬ ವಾದ ನಮ್ಮ ಪಡಸಾಲೆಗೆ ಬಂದಿರಲಿಲ್ಲ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಧರ್ಮದ ಶಿಫಾರಸು ಕಳಿಸಿತು, ಕೇಂದ್ರ ಒಪ್ಪಲಿಲ್ಲ. 2025ರ ಜಾತಿ ಸಮೀಕ್ಷೆಗೆ ಮೇಷ್ಟರು ಊರಿನ ಮನೆಗೆ ಬಂದಾಗ ನನ್ನ ಸ್ವಂತ ತಮ್ಮ ಲಿಂಗಾಯತ ಎಂದು ಬರೆಸಲು ಹಟ ಹಿಡಿದನಂತೆ; ಚಿಕ್ಕಪ್ಪ, ಧರ್ಮ ಹಿಂದೂ, ನಾವು ವೀರಶೈವರು ಎಂದರಂತೆ. ಈಗಲೂ ಇಬ್ಬರಿಗೂ ಮಾತಿಲ್ಲ. 2021ರ ಇಲ್ಲಿಯ ಜನಗಣತಿಯಲ್ಲಿ ನಾನು ‘ಇತರ ಧರ್ಮ’ ಎಂಬಲ್ಲಿ ಲಿಂಗಾಯತ ಎಂದು ಬರೆದೆ. ಧರ್ಮದ ಪ್ರಶ್ನೆಗೆ ಉತ್ತರಿಸಲೇಬೇಕೆಂಬ ಕಡ್ಡಾಯ ಇಲ್ಲಿಲ್ಲ. ಆದರೂ ಚಿಕ್ಕಪ್ಪನ ನಂಬಿಕೆಯನ್ನು ಸುಳ್ಳೆಂದು ನಾನು ಹೇಳಲಾರೆ.

ನನ್ನನ್ನು ಕಾಡುವುದು ಬೇರೆ. 2011ರಲ್ಲಿ ಅಪ್ಪ ನಮ್ಮನ್ನು ನೋಡಲು ಬಂದಿದ್ದರು. ಎದೆನೋವೆಂದು ಆಸ್ಪತ್ರೆಗೆ ಸೇರಿಸಿದೆವು. ಧರ್ಮ ಕೇಳಿದ ನರ್ಸ್‌ಗೆ ಹಿಂದೂ ಎಂದೆ. ಇನ್ನೇನಾದರೂ ನಮಗೆ ತಿಳಿದಿರಬೇಕೇ ಎಂದು ಆಕೆ ಮತ್ತೆ ಕೇಳಿದಳು. ಇಲ್ಲ ಎಂದೆ. ಸ್ಕ್ಯಾನಿಗೆ ಒಯ್ಯುವಾಗ ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿಯ ಕರಡಿಗೆಯನ್ನು ಶಿವದಾರದ ಸಮೇತ ತೆಗೆದು, ಕನ್ನಡಕ, ಕೈಗಡಿಯಾರದ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಚೀಟಿ ಅಂಟಿಸಿದರು. ಹಾಸಿಗೆಗೆ ಮರಳಿದ ಮೇಲೆ ಅಪ್ಪನ ಬಲಗೈ ಎದೆಯ ಮೇಲೆ ತಡಕಾಡುತ್ತಲೇ ಇತ್ತು. ನೋವಿರಬೇಕೆಂದು ನರ್ಸ್ ಔಷಧಿ ಕೊಟ್ಟಳು. ನೋವೆಂದೇ ನಾನೂ ತಿಳಿದೆ.

ಮೂರನೆಯ ರಾತ್ರಿ ಲಿಂಗೈಕ್ಯರಾದರು. ಫಾರ್ಮು ನೋಡಿ ಗುಜರಾತಿ ಹಿರಿಯರೊಬ್ಬರನ್ನು ಕರೆಸಿದರು. ಅವರು ಸ್ವಂತ ಅಣ್ಣನಿಗೆ ಮಾಡುವಂತೆ ತುಳಸಿ, ಗಂಗಾಜಲ ತಂದರು, ಚಿತಾಗಾರದಲ್ಲಿ ದಿನ ಗೊತ್ತುಮಾಡಿದರು. ನಮ್ಮಲ್ಲಿ ಮಣ್ಣು ಮಾಡುತ್ತಾರೆ ಎನ್ನಲು ನನಗೆ ಬಾಯಿ ಬರಲಿಲ್ಲ. ಎಂಟು ದಿನ ಸಮಯವಿತ್ತು ತಮ್ಮಾ. ಹೂಳಲು ಇಲ್ಲಿ ಜಾಗವೂ ಇದೆ. ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಸಮಾಧಿ ಮಾಡಬೇಕಾದ ಅಪ್ಪನನ್ನು ಸುಟ್ಟೆ. ಲಿಂಗ ಚೀಲದಲ್ಲೇ ಉಳಿಯಿತು. ಅದನ್ನು ಊರಿಗೆ ಒಯ್ದು, ನಸುಕಿನಲ್ಲಿ ಯಾರಿಗೂ ಹೇಳದೆ, ಹೊಲದಲ್ಲಿ ಅಜ್ಜನ ಗದ್ದುಗೆಯ ಪಕ್ಕ ಹೂತೆ. “ನಿಮ್ಮಪ್ಪನಿಗೆ ಮಣ್ಣು ಕೊಟ್ಟೆಯಾ?” ಎಂದು ಅವ್ವ ಕೇಳಿದಳು. ಹೂಂ ಎಂದೆ. ಅವಳು ತೀರಿಕೊಳ್ಳುವವರೆಗೂ ನಿಜ ಹೇಳಲಿಲ್ಲ.

2015ರಲ್ಲಿ ಲಂಡನ್ನಿನ ಥೇಮ್ಸ್ ದಂಡೆಯ ಮೇಲೆ ಬಸವಣ್ಣನವರ ಪುತ್ಥಳಿ ಅನಾವರಣವಾಯಿತು. ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಎದೆ ತುಂಬಿ ಬಂದಿತ್ತು, ಆದರೆ ಆ ಮುಖವನ್ನು ಬಹಳ ಹೊತ್ತು ನೋಡಲಾಗಲಿಲ್ಲ.

ಕಾಲಂನಲ್ಲಿ ನಿನ್ನ ಮನಸ್ಸು ಒಪ್ಪಿದ್ದನ್ನು ಬರೆ. ಅಣ್ಣನಿಗೆ ಹೆದರಿ ಬರೆಯಬೇಡ, ಇಲ್ಲಿಯವರಿಗೆ ಸುಲಭವಾಗಲಿ ಎಂದೂ ಬರೆಯಬೇಡ. ಯಾವ ಹೆಸರು ಬರೆದರೂ ಅದರ ಕೆಳಗೆ ಇಷ್ಟು ಸೇರಿಸು: ಕೊರಳಲ್ಲಿ ಇಷ್ಟಲಿಂಗವಿದೆ, ತೆಗೆಯಲೇಬೇಕಾದರೆ ಮನೆಯವರ ಕೈಗೆ ಕೊಡಿ, ಮಾಂಸ, ಮೊಟ್ಟೆ ಬೇಡ, ತೀರಿಕೊಂಡರೆ ಹೂಳುತ್ತೇವೆ. ಮೇ ತಿಂಗಳಲ್ಲಿ ತಂದೆತಾಯಿ ಬರುತ್ತಾರೆ ಎಂದಿದ್ದೀಯ. ಅಷ್ಟರೊಳಗೆ ಒಂದು ಭಾನುವಾರ ಮನೆಗೆ ಬಾ, ನಿಮ್ಮ ಅಕ್ಕ ರೊಟ್ಟಿ ಮಾಡುತ್ತಾಳೆ. ಅವರಿಬ್ಬರ ಹೆಸರಿನಲ್ಲೂ ಈ ಸಾಲುಗಳನ್ನು ಇಂಗ್ಲಿಷಿನಲ್ಲಿ ಬರೆದು ಅವರ ಪಾಸ್‌ಪೋರ್ಟಿನೊಳಗೆ ಇಡೋಣ.