ಒಲೆ ಬುಡದ ಪ್ರಶ್ನೆಗಳು: ಇಚ್ಚನ ನೂಡಲ್ಸಿಗೆ ಹಳೇ ರುಚಿ ಯಾಕಿಲ್ಲ?

ಪ್ರಶ್ನೆ: ಭಟ್ಟರೇ, 2008ರ ಸುಮಾರಿಗೆ ನಾನು ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಓದುತ್ತಿದ್ದೆ. ಆಗ ಉಪ್ಪಳದಲ್ಲಿ ಬಸ್ಸಿಳಿದರೆ ರಸ್ತೆ ಬದಿಯಲ್ಲೇ ಒಂದು ತಟ್ಟುಕಡ (ಬೀದಿ ಬದಿಯ ತಿಂಡಿ ಅಂಗಡಿ) ಇತ್ತು. ಬೋರ್ಡಿಲ್ಲ, ಹೆಸರಿಲ್ಲ. ನಡೆಸುವವರನ್ನು ಎಲ್ಲರೂ ಇಚ್ಚ ಎನ್ನುತ್ತಿದ್ದೆವು. ರಾತ್ರಿ ಎಂಟಾದರೆ ಅವರ ನೂಡಲ್ಸಿಗೆ ಜನ ಮುತ್ತುತ್ತಿದ್ದರು. ಹೆದ್ದಾರಿ ಆರು ಪಥ ಆಗುವ ಕೆಲಸ ಶುರುವಾದ ಮೇಲೆ ಅಂಗಡಿ ಕಾಣೆಯಾಯಿತು. ಮೊನ್ನೆ ಊರಿಗೆ ಬಂದಾಗ ನೋಡಿದರೆ, ಕೈಕಂಬದಿಂದ ಬಾಯಾರಿಗೆ ಹೋಗುವ ದಾರಿಯ ಒಂದು ಬಾಡಿಗೆ ಕೋಣೆಯಲ್ಲಿ ಅದೇ ಇಚ್ಚ! ಗಡ್ಡ ಬೆಳ್ಳಗಾಗಿದೆ, ನನ್ನ ಗುರುತೂ ಹಿಡಿದರು. ಸಂಜೆ ಐದಕ್ಕೇ ಕುಳಿತು ಒಂದು ಪ್ಲೇಟ್ ತಿಂದೆ. ಚೆನ್ನಾಗಿತ್ತು, ಆದರೆ ಅದಲ್ಲ. ಮೆತ್ತಗೆ, ಒಂದಕ್ಕೊಂದು ಅಂಟಿಕೊಂಡಿತ್ತು. ಆ ಸುಟ್ಟ ಪರಿಮಳವೇ ಇಲ್ಲ. ಬದಲಾದದ್ದು ಅವರ ಕೈಯೋ, ನನ್ನ ನಾಲಗೆಯೋ?
— ಓದುಗ, ಉಪ್ಪಳ (ಈಗ ಬೆಂಗಳೂರು)

ಉತ್ತರ: ನಾಲಗೆಯನ್ನು ಬೈಯುವುದು ಸುಲಭ. ಹಳೇ ತಿಂಡಿಯ ಮಾತು ಬಂದರೆ ಸಾಕು, ‘ಆಗ ಪ್ರಾಯ ಇತ್ತು, ಹಸಿವೆ ಇತ್ತು’ ಎಂದು ಉಸಿರು ಬಿಟ್ಟು ಎಲ್ಲರೂ ಎದ್ದು ಹೋಗುತ್ತಾರೆ. ನಾನು ಮುಂಬೈಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಬಹಳ ವರ್ಷ ಚೈನೀಸ್ ಭಟ್ಟಿಯ ಮುಂದೆ ನಿಂತವನು. (ಬದಿಯಡ್ಕದ ಅಡಿಗೆ ಭಟ್ಟನಿಗೆ ಅದು ಹೇಗೆ ಗಂಟು ಬಿತ್ತು ಎಂಬುದನ್ನು ಇನ್ನೊಮ್ಮೆ ಹೇಳುತ್ತೇನೆ.) ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಎರಡು ಕಡೆ. ಒಂದು ‘ಸಂಜೆ ಐದು’, ಇನ್ನೊಂದು ‘ಕೋಣೆ’.

ಮೊದಲು ಹೊತ್ತಿನ ವಿಚಾರ. ತಟ್ಟುಕಡದವರು ನೂಡಲ್ಸನ್ನು ಗಿರಾಕಿ ಬಂದ ಮೇಲೆ ಬೇಯಿಸುವುದಿಲ್ಲ. ಮಧ್ಯಾಹ್ನದ ನಂತರ ದೊಡ್ಡ ಪಾತ್ರೆಯಲ್ಲಿ ಒಟ್ಟಿಗೇ ಬೇಯಿಸಿ, ಎಳೆಯ ನಡುವೆ ಚೂರು ಗಟ್ಟಿ ಇರುವಾಗಲೇ ಇಳಿಸಿ, ತಣ್ಣೀರು ಹೊಯ್ದು ಬಸಿದು, ಎಣ್ಣೆ ಸವರಿ ಹರಡಿಡುತ್ತಾರೆ. ಅದು ಎರಡು ಮೂರು ಗಂಟೆ ಆರಬೇಕು. ಆರಿದಂತೆ ಮೇಲಿನ ನೀರು ಹೋಗುತ್ತದೆ, ಒಳಗಿನ ಪಿಷ್ಟ ಗಟ್ಟಿಯಾಗುತ್ತದೆ. ಅಂಥ ಎಳೆ ಬಾಣಲೆಗೆ ಬಿದ್ದರೆ ಹುರಿಯುತ್ತದೆ. ಐದು ಗಂಟೆಗೆ ಬಸಿದು ಐದೂಕಾಲಿಗೆ ಬಾಣಲೆಗೆ ಹಾಕಿದ್ದು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ನೀವು ಕಾಲೇಜಿನ ಕಾಲದಲ್ಲಿ ತಿಂದದ್ದು ರಾತ್ರಿಯದ್ದು, ಮೊನ್ನೆ ತಿಂದದ್ದು ಸಂಜೆಯದ್ದು. ಇಚ್ಚನ ಕೈಯ ಮೇಲೆ ತೀರ್ಪು ಕೊಡುವ ಮೊದಲು ರಾತ್ರಿ ಎಂಟೂವರೆಗೆ ಇನ್ನೊಮ್ಮೆ ಹೋಗಿ.

ಇನ್ನು ಕೋಣೆ. ಹೆದ್ದಾರಿ ಬದಿಯಲ್ಲಿ ಒಲೆಗೆ ಮೇಲೆ ಆಕಾಶ, ಸುತ್ತ ಗಾಳಿ. ಬೆಂಕಿಯನ್ನು ಎಷ್ಟು ಬೇಕಾದರೂ ಏರಿಸಬಹುದಿತ್ತು. ಬಾಡಿಗೆ ಕೋಣೆಯಲ್ಲಿ ಅಷ್ಟು ಏರಿಸಿದರೆ ಮಾಡು (ಛಾವಣಿ) ಕಪ್ಪಾಗುತ್ತದೆ, ಒಣಮೆಣಸಿನ ಘಾಟಿಗೆ ಕುಳಿತವರೆಲ್ಲ ಕೆಮ್ಮುತ್ತಾರೆ, ಕಟ್ಟಡದವನು ಬಾಗಿಲಿಗೆ ಬರುತ್ತಾನೆ. ಇಚ್ಚ ಬೆಂಕಿ ತಗ್ಗಿಸಿರಲೇಬೇಕು. ಮುಂದಿನ ಸಲ ಒಲೆಯ ಹತ್ತಿರ ನಿಂತು ಕಿವಿ ಕೊಡಿ. ಪೂರಾ ಬಿಟ್ಟ ಭಟ್ಟಿಯ ಸದ್ದಿನಲ್ಲಿ ಪಕ್ಕದವನ ಮಾತು ಕೇಳುವುದಿಲ್ಲ. ಮಾತು ಕೇಳಿಸಿದರೆ ಬೆಂಕಿ ಸಾಲದು.

ನೀವು ‘ಸುಟ್ಟ ಪರಿಮಳ’ ಎಂದದ್ದು ಹುಟ್ಟುವುದು ಆ ಬೆಂಕಿಯಲ್ಲಿ. ಕಬ್ಬಿಣದ ಬಾಣಲೆ ಹೊಗೆಯಾಡುವಷ್ಟು ಕಾದಿರುತ್ತದೆ, ಎಣ್ಣೆಯ ಸಣ್ಣ ಹನಿಗಳು ಅಂಚು ದಾಟಿ ಜ್ವಾಲೆಗೆ ತಾಗಿ ಉರಿಯುತ್ತವೆ. ಸೋಯಾ ಸಾಸನ್ನು ನೂಡಲ್ಸಿನ ಮೇಲೆ ಸುರಿಯುವುದಲ್ಲ, ಬಾಣಲೆಯ ಬದಿಗೆ ಸುತ್ತಲೂ ಹೊಯ್ಯಬೇಕು. ಅದು ‘ಚೊಂಯ್’ ಎಂದು ಅರೆ ಸುಟ್ಟು ಕೆಳಗಿಳಿಯುವಾಗ ಸಟ್ಟುಗದಿಂದ ಎತ್ತಿ ಹೊರಳಿಸಬೇಕು. ಕೊನೆಗೆ ವಿನೆಗರ್, ಬೆಂಕಿ ಆರಿಸುವ ಮೊದಲು ನಾಲ್ಕು ತೊಟ್ಟು.

ಬೆಂಗಳೂರಿನ ಫ್ಲಾಟಿನಲ್ಲಿ ಇದು ಬರುತ್ತದೆಯೇ? ಮುಕ್ಕಾಲು ಬರುತ್ತದೆ. ನೂಡಲ್ಸನ್ನು ಬೆಳಿಗ್ಗೆಯೇ ಬೇಯಿಸಿ ಆರಿಸಿ, ಎಣ್ಣೆ ಸವರಿ ಫ್ರಿಜ್ಜಿನಲ್ಲಿಡಿ. ಒಂದು ಸಲಕ್ಕೆ ಒಂದೇ ಪ್ಲೇಟಿನಷ್ಟು ಹುರಿಯಿರಿ. ನಾಲ್ಕು ಜನರದ್ದು ಒಟ್ಟಿಗೆ ಹಾಕಿದರೆ ಮನೆಯ ಒಲೆ ಸೋಲುತ್ತದೆ, ತರಕಾರಿ ನೀರು ಬಿಡುತ್ತದೆ. ನಾನ್‌ಸ್ಟಿಕ್ ಬೇಡ, ಅದನ್ನು ಅಷ್ಟು ಕಾಯಿಸಬಾರದು. ಇನ್ನೊಂದು ಮಾತು ಕಡ್ಡಾಯ: ಆಸೆಗೆ ಬಿದ್ದು ಅಂಗಡಿಯ ಹೈಪ್ರೆಶರ್ ಬರ್ನರನ್ನು ಮನೆಯ 14.2 ಕಿಲೋ ಸಿಲಿಂಡರಿಗೆ ಜೋಡಿಸಲು ಹೋಗಬೇಡಿ.

ಪ್ರಶ್ನೆ: ಗಾಡಿಯವರು ಹಾಕುವ ಅಜಿನೊಮೊಟೊ ವಿಷವೇ? ಮಕ್ಕಳಿಗೆ ಕೊಡಿಸಲು ಹೆದರಿಕೆ.
— ಓದುಗರು, ಕುಂಬಳೆ

ಉತ್ತರ: ವಿಷವಲ್ಲ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡ ಎಂಬ ರಸಾಯನ ವಿಜ್ಞಾನಿ ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಈ ರುಚಿಯ ಮೂಲವಾದ ಗ್ಲುಟಮೇಟನ್ನು ಬೇರ್ಪಡಿಸಿದರು. ಹಣ್ಣಾದ ಟೊಮೆಟೊದಲ್ಲೂ ಅದು ಇದೆ. ಚಿಟಿಕೆ ಸಾಕಾಗುವಲ್ಲಿ ಚಮಚೆಯಲ್ಲಿ ಸುರಿಯುವವರ ಮೇಲೆ ನನಗೂ ಸಿಟ್ಟಿದೆ. ಬಾಯೆಲ್ಲ ಒಂದೇ ರುಚಿಯಾಗುತ್ತದೆ, ಬಾಯಾರಿಕೆ ನಿಲ್ಲುವುದಿಲ್ಲ. ನಿಜವಾಗಿ ನೋಡಬೇಕಾದದ್ದು ಬಣ್ಣವನ್ನು. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿತು. ತಟ್ಟೆಯಲ್ಲಿ ಬೆರಳು ಕೆಂಪಾದರೆ ಕರ್ನಾಟಕ-ಕೇರಳ ಗಡಿಯ ಯಾವ ಬದಿಯಲ್ಲಾದರೂ ಎದ್ದು ಬನ್ನಿ.

ಪ್ರಶ್ನೆ: ಮೈದಾ ನಮ್ಮ ಮನೆಯಲ್ಲಿ ಆಗುವುದಿಲ್ಲ. ಅಕ್ಕಿ ಸೇಮಿಗೆಯಲ್ಲೇ ನೂಡಲ್ಸ್ ಮಾಡಬಹುದಾ, ಅಣ್ಣ?
— ಓದುಗಿ, ಪೆರ್ಲ

ಉತ್ತರ: ಬೆಳಿಗ್ಗೆ ಒತ್ತಿದ ಸೇಮಿಗೆಯನ್ನು ರಾತ್ರಿಗೆ ಬಳಸು ತಂಗಿ, ಬಿಸಿಯದ್ದು ಮುದ್ದೆಯಾಗುತ್ತದೆ. ಮೈದಾದಲ್ಲಿರುವ ಅಂಟು ಅಕ್ಕಿಯಲ್ಲಿಲ್ಲ, ಆದ್ದರಿಂದ ಸಟ್ಟುಗ ಆಡಿಸದೆ ಬಾಣಲೆಯನ್ನೇ ಕುಲುಕಬೇಕು. ಬೆಳ್ಳುಳ್ಳಿ, ಎಲೆಕೋಸು, ಕಾಳುಮೆಣಸು ಸಾಕು. ಸೋಯಾ ಹಾಕದೆ ಸಾಸಿವೆ, ಕರಿಬೇವು ಹಾಕಿದರೆ ನಿನ್ನ ಅತ್ತೆ ಅದನ್ನು ಸೇಮಿಗೆ ಒಗ್ಗರಣೆ ಎಂದೇ ತಿಂದು ಮುಗಿಸುತ್ತಾರೆ, ಜಗಳವಿಲ್ಲ.