ಗುಂಡು ಇರಲಿಲ್ಲ ಅಂದ ಮಾತ್ರಕ್ಕೆ

ಪ್ರಶ್ನೆ: ರಜೆಗೆ ಸಕಲೇಶಪುರದ ಹತ್ತಿರ ಭಾವನವರ ಕಾಫಿ ತೋಟಕ್ಕೆ ಹೋಗಿದ್ದೆವು. ಮಂಗ ಓಡಿಸಲು ಇಟ್ಟಿದ್ದ ಏರ್‌ಗನ್ ಹಿಡಿದು ಅವರ 13 ವರ್ಷದ ಮಗ ಆಡುತ್ತಿದ್ದಾಗ ನನ್ನ 9 ವರ್ಷದ ಮಗನಿಗೆ ಎಡಹುಬ್ಬಿನ ಕೆಳಗೆ ಪೆಟ್ಟಾಯಿತು. ‘ಗುಂಡು ಇರಲಿಲ್ಲ, ಬರೀ ಗಾಳಿ’ ಎಂದ ಹುಡುಗ. ಸ್ವಲ್ಪ ರಕ್ತ ಬಂತು, ಅರಿಶಿನ ಹಚ್ಚಿದರು. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತದೆ ಎಂದು ಅತ್ತೆ ತಡೆದರು. ಹತ್ತು ದಿನವಾಯಿತು. ಗಾಯ ಒಣಗಿದೆ, ನೋವಿಲ್ಲ ಎನ್ನುತ್ತಾನೆ. ಈಗ ಡಾಕ್ಟರಿಗೆ ತೋರಿಸಿದರೆ ಅಣ್ಣನ ಮೇಲೆ ದೂರು ಕೊಟ್ಟಂತಾಗುತ್ತದೆ ಎನ್ನುತ್ತಾರೆ ನಮ್ಮ ಮನೆಯವರು. ಸುಮ್ಮನಿದ್ದುಬಿಡಲೇ?

ಉತ್ತರ: ಬೇಡ. ನಾಳೆ ಬೆಳಿಗ್ಗೆಯೇ ಕಣ್ಣಿನ ಆಸ್ಪತ್ರೆಗೆ ಹೊರಡಿ. ಮನೆಯವರನ್ನು ಒಪ್ಪಿಸುವ ಕೆಲಸ ಆಮೇಲಿರಲಿ.

‘ಬರೀ ಗಾಳಿ’ಗೂ ‘ರಕ್ತ ಬಂತು’ ಎಂಬುದಕ್ಕೂ ತಾಳೆಯಾಗುವುದಿಲ್ಲ. ಹುಡುಗ ಸುಳ್ಳು ಹೇಳಿದ್ದಾನೆಂದಲ್ಲ, ಅವನಿಗೂ ಗೊತ್ತಿರಲಾರದು. ಸ್ಪ್ರಿಂಗ್ ಎಳೆದು ಪೆಲೆಟ್ (ಸೀಸದ ಸಣ್ಣ ಗುಂಡು) ತುಂಬಿಟ್ಟ ಏರ್‌ಗನ್ನಿಗೂ ಖಾಲಿಯದಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣದು. ಬಿಬಿ ಎಂಬ ಉಕ್ಕಿನ ಉರುಟು ಗುಂಡಿನ ಬಂದೂಕು ಇನ್ನೂ ಮೋಸದ್ದು: ಗುಂಡು ಒಳಗೇ ಸಿಕ್ಕಿಕೊಂಡು ಎರಡು ಸಲ ಗಾಳಿ ಹಾರಿ, ಮೂರನೆಯ ಸಲಕ್ಕೆ ಹೊರಬರುವುದುಂಟು.

ಆ ಪೆಲೆಟ್ 4.5 ಮಿಲಿಮೀಟರ್ ದಪ್ಪ, ಸುಮಾರು ಅರ್ಧ ಗ್ರಾಂ ತೂಕ. ಸೆಕೆಂಡಿಗೆ ಸುಮಾರು 100 ಮೀಟರ್ ವೇಗವಿದ್ದರೆ ಚರ್ಮ ಸೀಳುತ್ತದೆ. ಕಣ್ಣುಗುಡ್ಡೆಗೆ ಅದರ ಅರ್ಧವೂ ಬೇಡ. ತೋಟಗಳಲ್ಲಿರುವ ಎಷ್ಟೋ ಬಂದೂಕುಗಳ ವೇಗ 150 ದಾಟುತ್ತದೆ. ರೆಪ್ಪೆಯ ಮೇಲಿನ ಸಣ್ಣ ತೂತು ಬೇಗ ಮುಚ್ಚಿಕೊಳ್ಳುವುದರಿಂದ ಗಾಯ ಒಣಗಿದ್ದಕ್ಕೆ ಅರ್ಥವಿಲ್ಲ. ಕಣ್ಣಿನ ಗೂಡಿನ ಮೇಲ್ಛಾವಣಿಯ ಮೂಳೆ ಕಾಗದದಷ್ಟು ತೆಳು, ಅದರಾಚೆ ಮಿದುಳು. ಗುಂಡು ಕೈಗೆ ಸಿಗದಿದ್ದರೆ, ಎಕ್ಸ್‌ರೇ ಇಲ್ಲವೆನ್ನುವ ತನಕ ಒಳಗಿದೆಯೆಂದೇ ಲೆಕ್ಕ.

ಎದುರಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್‌ರೇ ತೆಗೆಸಿ. ಏನಾದರೂ ಕಂಡರೆ, ಅನುಮಾನವಿದ್ದರೂ, ಸಿ.ಟಿ. ಸ್ಕ್ಯಾನ್. ಎಂಆರ್‌ಐಗೆ ಮಾತ್ರ ಒಪ್ಪಬೇಡಿ. ಒಳಗಿರುವುದು ಉಕ್ಕಿನ ಗುಂಡಾದರೆ ಅಯಸ್ಕಾಂತ ಅದನ್ನು ಎಳೆದಾಡುತ್ತದೆ. ‘ಬಿದ್ದು ಪೆಟ್ಟಾಯಿತು’ ಎಂದು ಹೇಳಲೇಬೇಡಿ. ಬಿದ್ದ ಮಗುವಿಗೆ ಯಾರೂ ಗುಂಡು ಹುಡುಕುವುದಿಲ್ಲ.

ಗುಂಡು ತಾಗಿ ಹಾರಿಹೋಗಿದ್ದರೂ ಕಣ್ಣಿನ ಪರೀಕ್ಷೆ ತಪ್ಪದು. ಪೆಟ್ಟಿನ ಅದುರಿಗೆ ಅಕ್ಷಿಪಟದ ಅಂಚು ಸದ್ದಿಲ್ಲದೆ ಬಿಟ್ಟುಕೊಳ್ಳಬಹುದು, ಮಸೂರ ಮಬ್ಬಾಗಬಹುದು. ಪಾಪೆ ಅಗಲಿಸುವ ಹನಿ ಹಾಕಿ ಅಕ್ಷಿಪಟವನ್ನು ಅಂಚಿನವರೆಗೂ ನೋಡಿ, ಕಣ್ಣಿನ ಒತ್ತಡ ಅಳೆಯಲು ಕೇಳಿ. ಕಣ್ಣಿನ ದ್ರವ ಹೊರಹೋಗುವ ಮೂಲೆ ಹರಿದಿದ್ದರೆ ವರ್ಷಗಳ ಮೇಲೂ ಒತ್ತಡ ಏರಬಹುದು, ಹಾಗಾಗಿ ಎಲ್ಲ ಸರಿಯಿದ್ದರೂ ವರ್ಷಕ್ಕೊಮ್ಮೆ ತೋರಿಸುತ್ತಿರಿ. ಧನುರ್ವಾಯು ಚುಚ್ಚುಮದ್ದಿನ ದಾಖಲೆ ಒಯ್ಯಿರಿ.

ಒಂದು ಕಣ್ಣು ಮಂಜಾದರೆ ಮಕ್ಕಳಿಗೆ ಎಷ್ಟೋ ಸಲ ತಿಳಿಯುವುದೇ ಇಲ್ಲ, ಇನ್ನೊಂದು ಸರಿದೂಗಿಸುತ್ತದೆ. ಈ ರಾತ್ರಿಯೇ ಅವನ ಬಲಗಣ್ಣು ಅಂಗೈಯಿಂದ ಮುಚ್ಚಿ ಕ್ಯಾಲೆಂಡರ್ ಓದಿಸಿ. ಚೆನ್ನಾಗಿ ಓದಿದ ಎಂದು ಪ್ರಯಾಣ ಮುಂದೂಡಬೇಡಿ. ಮಿಂಚು, ತೇಲುವ ಕಪ್ಪು ಚುಕ್ಕೆ, ಪರದೆ ಇಳಿದಂಥ ನೆರಳು, ತಲೆನೋವು, ವಾಂತಿ, ಜ್ವರ, ಇವುಗಳಲ್ಲಿ ಒಂದಿದ್ದರೂ ಬೆಳಗಾಗುವುದಕ್ಕೆ ಕಾಯಬೇಡಿ. ಕಣ್ಣು ಒತ್ತಬೇಡಿ, ಮೆಡಿಕಲ್ ಶಾಪಿನ ಹನಿ ಹಾಕಬೇಡಿ. ಬೆಂಗಳೂರಿನಲ್ಲಿದ್ದರೆ ಮಿಂಟೊ ಸರ್ಕಾರಿ ಕಣ್ಣಿನ ಆಸ್ಪತ್ರೆ ಇದೆ.

ಹೊರಡುವ ಮೊದಲು ಭಾವನ ಮಗನಿಗೆ ನೀವೇ ಫೋನ್ ಮಾಡಿ. ಬೈಯದೆ ಮೂರೇ ಪ್ರಶ್ನೆ: ಎಷ್ಟು ದೂರದಿಂದ? ನೇರವಾಗಿಯೋ, ಕಲ್ಲಿಗೋ ಗೋಡೆಗೋ ಬಡಿದು ಬಂದದ್ದೋ? ಡಬ್ಬಿಯಲ್ಲಿದ್ದದ್ದು ಸೀಸದ ಪೆಲೆಟ್ಟೋ, ಹೊಳೆಯುವ ಉಕ್ಕಿನ ಗುಂಡೋ? ಡಾಕ್ಟರು ಕೇಳುವುದು ಇವನ್ನೇ.

ಪೊಲೀಸ್ ವಿಷಯ. ಡಾಕ್ಟರು ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಎಂದು ಬರೆದು ಠಾಣೆಗೆ ತಿಳಿಸಬಹುದು. ಅದು ಗಾಯದ ದಾಖಲೆ ಅಷ್ಟೆ. ಪೊಲೀಸರು ಬರಲಿ ಎಂದು ತುರ್ತು ಚಿಕಿತ್ಸೆ ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಘೋರ ಅಪರಾಧವಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ, 18 ತುಂಬದವರ ಮೇಲೆ ಎಫ್‌ಐಆರ್ ಹಾಕಬಾರದು ಎನ್ನುತ್ತವೆ 2016ರ ಬಾಲನ್ಯಾಯ ಮಾದರಿ ನಿಯಮಗಳು. ಬಂದೂಕನ್ನು ಮಕ್ಕಳ ಕೈಗೆ ಸಿಗುವಂತೆ ಇಟ್ಟ ದೊಡ್ಡವರನ್ನು ವಿಚಾರಿಸಿಯಾರು. ವಿಚಾರಿಸಲಿ ಬಿಡಿ.

ಭಾವನವರ ಹತ್ತಿರ ತಪ್ಪು ಯಾರದೆಂಬ ಚರ್ಚೆಗೆ ಇಳಿಯಬೇಡಿ. 4.5 ಮಿಲಿಮೀಟರ್ ಮತ್ತು 20 ಜೂಲ್ ಶಕ್ತಿಯವರೆಗಿನ ಏರ್‌ಗನ್ನಿಗೆ ಲೈಸೆನ್ಸ್ ಬೇಡ ಎಂಬುದರಿಂದಲೇ ಜನ ಅದನ್ನು ಆಟಿಕೆ ಸಾಲಿಗೆ ಸೇರಿಸಿಬಿಟ್ಟಿದ್ದಾರೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಇಂಥ ವೇಗದ ಗನ್ನುಗಳನ್ನು 16 ತುಂಬದವರಿಗೆ ಕೊಡಬೇಡಿ ಎನ್ನುತ್ತದೆ. ನೇರವಾಗಿ ಹೀಗೆ ಹೇಳಿ: ‘ಭಾವ, ಬಂದೂಕು ಬೀಗದ ಬೀರುವಿನಲ್ಲಿರಲಿ, ಪೆಲೆಟ್ ಡಬ್ಬಿ ಬೇರೆ ಕಡೆ, ಸ್ಪ್ರಿಂಗ್ ಎಳೆದಿಡಬಾರದು, ಕೀಲಿ ನಿಮ್ಮ ಹತ್ತಿರವೇ ಇರಲಿ. ಅದಾಗುವ ತನಕ ಮಗನನ್ನು ತೋಟಕ್ಕೆ ಕರೆತರುವುದಿಲ್ಲ.’ ಜೊತೆಗೇ, ಮುಂದಿನ ರಜೆಗೆ ಆ ಹುಡುಗನನ್ನು ನಿಮ್ಮ ಮನೆಗೆ ಕರೆಯಿರಿ. ಈ ಹತ್ತು ದಿನ ಅವನೂ ಸರಿಯಾಗಿ ನಿದ್ದೆ ಮಾಡಿರಲಾರ.