ಕೆಲಸ ಮಾಡುತ್ತಿರುವ ತಾಮ್ರವನ್ನು ನೋಡುವುದು ಹೇಗೆ?

ಪ್ರಶ್ನೆ: ಇಂಗಾಲದ ಡೈಆಕ್ಸೈಡ್‌ನಿಂದ ಮೆಥನಾಲ್ ತಯಾರಿಸುವ ತಾಮ್ರ–ಸತು ಆಕ್ಸೈಡ್ ವೇಗವರ್ಧಕದ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಕ್ರಿಯೆ ಮುಗಿದ ಮೇಲೆ ಪುಡಿಯನ್ನು ಹೊರತೆಗೆದು ಪರೀಕ್ಷಿಸಿದರೆ ತಾಮ್ರದ ಆಕ್ಸೈಡ್ ಕಾಣುತ್ತದೆ. ಮೆಥನಾಲ್ ಹುಟ್ಟುವುದು ಆಕ್ಸೈಡಿನ ಮೇಲೆಯೇ ಎಂದು ಪ್ರಬಂಧದಲ್ಲಿ ಬರೆಯಬಹುದೇ? ಕ್ಷ-ಕಿರಣ ಹೀರಿಕೆಯ ರೋಹಿತ ತೆಗೆದರೆ ಖಚಿತವಾಗುತ್ತದೆಯೇ?
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ದಯವಿಟ್ಟು ಹಾಗೆ ಬರೆಯಬೇಡಿ. ಅಷ್ಟು ಸಣ್ಣ ತಾಮ್ರದ ಕಣಗಳಿಗೆ ಗಾಳಿ ತಾಗಿದರೆ ಸಾಕು, ಆಕ್ಸೈಡ್ ಕಟ್ಟಿಕೊಳ್ಳುತ್ತದೆ. ನೀವು ಕಂಡದ್ದು ರಿಯಾಕ್ಟರಿನೊಳಗೆ ಹುಟ್ಟಿದ್ದೋ, ಮುಚ್ಚಳ ತೆರೆದ ಮೇಲೆ ಹುಟ್ಟಿದ್ದೋ ಹೇಳಲು ಸದ್ಯಕ್ಕೆ ಆಧಾರವಿಲ್ಲ. ಸುತ್ತ ಹೈಡ್ರೊಜನ್ ಹರಿಯುತ್ತ, 200–300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಒತ್ತಡದಲ್ಲಿ ಇರುವಾಗಲೇ ಅದನ್ನು ನೋಡಬೇಕು.

ಕ್ಷ-ಕಿರಣ ಹೀರಿಕೆ ಅದಕ್ಕೆ ಒದಗಿಬರುವ ವಿಧಾನ. ಕಿರಣದ ಶಕ್ತಿ ಬದಲಾದಂತೆ ಹೀರಿಕೆ ಹೇಗೆ ಬದಲಾಗುತ್ತದೆ ಎಂದು ತೋರಿಸುವ ನಕ್ಷೆಯೇ ಅದರ ರೋಹಿತ. ಈ ಶಕ್ತಿಯ ಕಿರಣಗಳು ತೆಳುಗೋಡೆಯ ಕ್ವಾರ್ಟ್ಜ್ ಕೊಳವೆಯನ್ನೂ ಅನಿಲವನ್ನೂ ದಾಟಿ ಪುಡಿಯನ್ನು ಮುಟ್ಟುತ್ತವೆ. ಕಿರಣದ ಶಕ್ತಿಯನ್ನು ಏರಿಸುತ್ತ ಹೋದರೆ 8979 ಎಲೆಕ್ಟ್ರಾನ್ ವೋಲ್ಟ್ ಸುಮಾರಿನಲ್ಲಿ ತಾಮ್ರದ ಹೀರಿಕೆ ದಿಢೀರನೆ ಜಿಗಿಯುತ್ತದೆ; ಈ ಜಿಗಿತವನ್ನೇ ಅಂಚು ಎನ್ನುತ್ತಾರೆ. ಸತುವಿನ ಅಂಚು 9659ರಲ್ಲಿದೆ. ಹಾಗಾಗಿ ಒಂದೇ ಮಾದರಿಯಲ್ಲಿ ಎರಡು ಲೋಹಗಳನ್ನೂ ಪ್ರತ್ಯೇಕವಾಗಿ ವಿಚಾರಿಸಬಹುದು. ಅಂಚಿನ ಆಕಾರ ಉತ್ಕರ್ಷಣ ಸ್ಥಿತಿಯನ್ನು (ತಾಮ್ರ ಲೋಹವಾಗಿದೆಯೋ, ಆಕ್ಸೈಡ್ ಆಗಿದೆಯೋ ಎಂಬುದನ್ನು) ತಿಳಿಸಿದರೆ, ಅದರಾಚೆಗಿನ ಏರಿಳಿತಗಳು ನೆರೆಯ ಪರಮಾಣುಗಳ ದೂರವನ್ನು ತಿಳಿಸುತ್ತವೆ: ಲೋಹದಲ್ಲಿ ತಾಮ್ರದಿಂದ ತಾಮ್ರಕ್ಕೆ ಸುಮಾರು 2.56 ಆಂಗ್‌ಸ್ಟ್ರಾಮ್, ಕಪ್ಪು ಆಕ್ಸೈಡಿನಲ್ಲಿ ತಾಮ್ರದಿಂದ ಆಮ್ಲಜನಕಕ್ಕೆ ಸುಮಾರು 1.95.

ಆದರೆ "ಖಚಿತವಾಗುತ್ತದೆಯೇ" ಎಂಬ ಮಾತಿಗೆ ನಾನು ಸುಲಭವಾಗಿ ಹೌದು ಎನ್ನಲಾರೆ. ಕಿರಣದ ದಾರಿಯಲ್ಲಿರುವ ಪ್ರತಿಯೊಂದು ತಾಮ್ರದ ಪರಮಾಣುವೂ ರೋಹಿತಕ್ಕೆ ತನ್ನ ಪಾಲು ಸೇರಿಸುತ್ತದೆ. ಹತ್ತು ನ್ಯಾನೊಮೀಟರ್ ಕಣದಲ್ಲಿ ಮೇಲ್ಮೈ ಮೇಲಿರುವುದು ಹತ್ತರಲ್ಲೊಂದು ಪಾಲು ಮಾತ್ರ, ಕ್ರಿಯೆ ನಡೆಯುವುದೋ ಅಲ್ಲಿ. ರೋಹಿತ ಅಪ್ಪಟ ಲೋಹದಂತೆ ಕಂಡರೂ ಮೇಲ್ಮೈಯಲ್ಲಿ ಒಂದಿಷ್ಟು ಉತ್ಕರ್ಷಿತ ತಾಮ್ರ ಅಡಗಿರಬಹುದು. ಆದ್ದರಿಂದ ಒಂದು ರೋಹಿತವನ್ನು ನಂಬಿ ಕೂರಬೇಡಿ. ಅನಿಲದ ಮಿಶ್ರಣವನ್ನು ಬದಲಿಸುತ್ತ ಸರಣಿಯಾಗಿ ಅಳೆಯಿರಿ. ಅದೇ ಹೊತ್ತಿಗೆ ಹೊರಬರುವ ಮೆಥನಾಲನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ದಾಖಲಿಸಿ. ರೋಹಿತದ ಬದಲಾವಣೆಯೂ ಉತ್ಪನ್ನದ ಬದಲಾವಣೆಯೂ ಜೊತೆಜೊತೆಗೆ ಸಾಗಿದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ಉತ್ಪನ್ನವನ್ನೇ ಅಳೆಯದೆ "ಕ್ರಿಯೆಯ ವೇಳೆಯ ಅಧ್ಯಯನ" ಎಂದು ಪ್ರಕಟಿಸುವುದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ಎಚ್ಚರಿಕೆ. ಬಿಸಿಯಲ್ಲಿ ಪರಮಾಣುಗಳ ಕಂಪನ ಹೆಚ್ಚಿ ಏರಿಳಿತಗಳು ಮಂಕಾಗುತ್ತವೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಕಣಗಳು ಚಿಕ್ಕದಾದವು ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಲೋಹದ ಹಾಳೆಯನ್ನೂ ಅದೇ ಶಾಖದಲ್ಲಿ ಅಳೆದು ಹೋಲಿಸಿ. ತೀವ್ರ ಕಿರಣವೇ ತಾಮ್ರವನ್ನು ಅಪಕರ್ಷಿಸಬಲ್ಲದು, ಅಂದರೆ ಆಕ್ಸೈಡನ್ನು ಲೋಹದತ್ತ ಮರಳಿಸಬಲ್ಲದು. ಕಿರಣ ಬೀಳದ ಹೊಸ ಜಾಗದಲ್ಲಿ ಮತ್ತೊಮ್ಮೆ ಅಳೆದು ನೋಡಿ.

ಈ ಕೆಲಸಕ್ಕೆ ಸಿಂಕ್ರೊಟ್ರಾನ್ (ವೇಗವಾಗಿ ಸುತ್ತುವ ಎಲೆಕ್ಟ್ರಾನುಗಳಿಂದ ತೀವ್ರ ಕ್ಷ-ಕಿರಣ ಪಡೆಯುವ ದೊಡ್ಡ ಯಂತ್ರ) ಬೇಕು. ಇಂದೋರಿನ ಇಂಡಸ್-2ರಲ್ಲಿ ಇದಕ್ಕೆಂದೇ ಕಿರಣರೇಖೆಗಳಿವೆ, ಅಂದರೆ ಕಿರಣವನ್ನು ಮಾದರಿಯತ್ತ ತರುವ ಪ್ರಯೋಗ ಕೇಂದ್ರಗಳಿವೆ. ಹ್ಯಾಂಬರ್ಗ್‌ನ ಪೆಟ್ರಾ-3ರಲ್ಲಿ ಭಾರತೀಯ ಸಂಶೋಧಕರ ಬಳಕೆಗಾಗಿ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಸಮನ್ವಯ ನಡೆಸಿದೆ. ಅರ್ಜಿ ಹಾಕುವ ಮೊದಲೇ ನಿಮ್ಮ ಕೊಳವೆಗೆ ಶಾಖ, ಒತ್ತಡ ಕೊಟ್ಟು ಸೋರಿಕೆಯಿಲ್ಲವೆಂದು ಪ್ರಯೋಗಾಲಯದಲ್ಲೇ ಖಾತ್ರಿ ಮಾಡಿಕೊಳ್ಳಿ. ಪುಡಿಯಲ್ಲಿ ತಾಮ್ರ ಹೆಚ್ಚಿದ್ದು ಕಿರಣವನ್ನು ವಿಪರೀತ ಹೀರುತ್ತಿದ್ದರೆ, ಕಿರಣವನ್ನು ಅಷ್ಟಾಗಿ ಹೀರದ ಬೋರಾನ್ ನೈಟ್ರೈಡ್ ಬೆರೆಸಿ ತೆಳುಗೊಳಿಸಿ. ಆ ಮಿಶ್ರಣವೂ ಮೊದಲಿನಷ್ಟೇ ಚೆನ್ನಾಗಿ ಮೆಥನಾಲ್ ಕೊಡುತ್ತದೆಯೇ ಎಂದು ಪರೀಕ್ಷಿಸಿಯೇ ಹೊರಡಿ.